ತೌಡಿಗೆ ಕೊಂಡ ಕೂಸು

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಡಲ್ಲಾಸಿನ ಕನ್ನಡದವರೆಲ್ಲ ಹೇಳುತ್ತಾರೆ. ಹೇಳಿಕೊಳ್ಳಲಿ. ಜೀವಮಾನವೆಲ್ಲ ಪ್ಯಾಥಾಲಜಿ ಲ್ಯಾಬಿನಲ್ಲಿ ಕೂತು, ಜನರ ಮೈಯಿಂದ ಕತ್ತರಿಸಿ ತಂದ ಚೂರುಗಳನ್ನು ಗಾಜಿನ ಪಟ್ಟಿಯ ಮೇಲೆ ನೋಡಿ, ಇದು ಕೆಟ್ಟದ್ದು, ಇದಕ್ಕೇನೂ ಭಯವಿಲ್ಲ ಎಂದು ಬರೆದುಕೊಟ್ಟವಳಿಗೆ ಸಿಹಿ ಮಾತು ಎಲ್ಲಿಂದ ಬರಬೇಕು? ನನ್ನ ಹೆಸರು ವಸಂತಾ. ಡಲ್ಲಾಸಿನ ಪಕ್ಕದ ಕ್ಯಾರಲ್ಟನ್ನಿನಲ್ಲಿ ಒಬ್ಬಳೇ ಇದ್ದೇನೆ. ಮದುವೆಯಾಗಿತ್ತು. ಶ್ರೀನಾಥ ಎಂಬ ಆ ಮಹಾನುಭಾವ, ಮಕ್ಕಳಾಗಲಿಲ್ಲ ಎಂಬ ನೆಪ ಹೇಳಿ ಹ್ಯೂಸ್ಟನ್ನಿಗೆ ಹೋಗಿ ಬೇರೆ ಸಂಸಾರ ಹೂಡಿ ಸುಖವಾಗಿದ್ದಾನೆ. ದೇವರು, ದಿಂಡರು, ಗಾಳಿ, ದೃಷ್ಟಿ, ಯಾವುದನ್ನೂ ನಾನು ನಂಬಿದವಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಿಶಿತಾ ನನ್ನ ಗೆಳತಿಯ ಮಗಳು. ಗೆಳತಿ ಮೈಸೂರಿನಲ್ಲಿ ನನ್ನ ಜೊತೆ ಓದಿದವಳು, ಬೇಗ ತೀರಿಕೊಂಡಳು. ಹುಡುಗಿ ಆಸ್ಟಿನ್ನಿಗೆ ಎಂ.ಎಸ್. ಮಾಡಲು ಬಂದಾಗ ಏರ್‌ಪೋರ್ಟಿನಿಂದ ಕರೆತಂದವಳು ನಾನೇ. ಅಲ್ಲೇ ಗದಗಿನ ಸುಹಾಸನನ್ನು ಕಂಡು ಮೆಚ್ಚಿ ಮದುವೆಯಾದಳು. ಆಸ್ಟಿನ್ನಿನಲ್ಲಿರುವಾಗಲೇ ಬಸುರಿಯಾದಳು. ಎಂಟನೆಯ ತಿಂಗಳಲ್ಲಿ ಒಂದು ದಿನ ಮಗು ಹೊಟ್ಟೆಯಲ್ಲಿ ಮಿಸುಕುವುದನ್ನು ನಿಲ್ಲಿಸಿತು. ಆಮೇಲೆ ಸುಹಾಸನಿಗೆ ಡಲ್ಲಾಸಿನಲ್ಲಿ ಕೆಲಸವಾಗಿ ಫ್ರಿಸ್ಕೋದಲ್ಲಿ ಹೊಸ ಮನೆ ಕೊಂಡರು. ಅಲ್ಲಿ ಗಂಡು ಮಗು ಹುಟ್ಟಿತು. ದುಂಡು ದುಂಡಗೆ ಇತ್ತು. ಎರಡು ತಿಂಗಳಾಗಿತ್ತು. ಒಂದು ಮಧ್ಯಾಹ್ನ ನಿಶಿತಾ ಹಾಲು ಕುಡಿಸಿ ಮಲಗಿಸಿ, ಪಕ್ಕದ ಕೋಣೆಯಲ್ಲಿ ಒಗೆದ ಬಟ್ಟೆ ಮಡಿಸಿಟ್ಟು ಬಂದು ನೋಡಿದರೆ ಅದು ಹೋಗಿಬಿಟ್ಟಿತ್ತು.

ಪರೀಕ್ಷೆಯೆಲ್ಲ ಆಯಿತು. ಕಾರಣ ತಿಳಿಯಲಿಲ್ಲ ಎಂದು ಬರೆದರು. ಆ ವಾಕ್ಯವನ್ನು ನಾನೂ ಎಷ್ಟೋ ಸಲ ಬರೆದಿದ್ದೇನೆ. ಅದನ್ನು ಓದುವ ತಾಯಿಯ ಮುಖವನ್ನು ನೋಡಿದ್ದು ಅದೇ ಮೊದಲು.

ಎರಡು ಸಾವಿರದ ಒಂದನೆಯ ಇಸವಿಯಲ್ಲಿ ಮೂರನೆಯದು, ಹೆಣ್ಣು ಹುಟ್ಟಿತು. ತನ್ವಿ ಎಂದು ಆಸ್ಪತ್ರೆಯಲ್ಲಿ ಹೆಸರು ಬರೆಸಿದರು. ಬಾಣಂತನಕ್ಕೆಂದು ಸುಹಾಸನ ತಾಯಿ ಕಮಲವ್ವ ಗದಗಿನಿಂದ ಬಂದರು. ಬಜೆ, ಸಾಂಬ್ರಾಣಿ, ಅಳವಿ ಬೀಜ, ಅಂಟಿನುಂಡೆಯ ಸಾಮಾನು ಎಲ್ಲದರ ಜೊತೆ ಸೂಟ್‌ಕೇಸಿನಲ್ಲಿ ಒಂದು ಬಿದಿರಿನ ಮೊರವನ್ನೂ ತಂದಿದ್ದರು. ಬಾಣಂತಿ ಕೋಣೆಗೆ ಸಾಂಬ್ರಾಣಿ ಹೊಗೆ ಹಾಕಿದ ಮೊದಲ ದಿನವೇ ಮನೆಯ ಅಲಾರಂಗಳೆಲ್ಲ ಒಟ್ಟಿಗೆ ಕೂಗಿಕೊಂಡವು. ಹೆಂಗಸು ಹೆದರಲಿಲ್ಲ. ಮಗನ ಕೈಲಿ ಎಲ್ಲವನ್ನೂ ಬಿಚ್ಚಿಸಿ ಡ್ರಾಯರಿನಲ್ಲಿಡಿಸಿ ಮತ್ತೆ ಹೊಗೆ ಹಾಕಿದರು.

ಆ ವಾರವೇ ಸುಹಾಸ ಅವರನ್ನು ಕ್ಯಾರಲ್ಟನ್ನಿಗೆ ಕರೆತಂದ. ದಿನಸಿಗೆ ಬಂದವರು ಹಾಗೇ ನೋಡಿಕೊಂಡು ಹೋಗಲು ಬಂದಿದ್ದಾರೆ ಎಂದುಕೊಂಡೆ. ಕಮಲವ್ವ ಕೂರಲಿಲ್ಲ. ನಡುಮನೆ, ಅಡುಗೆಮನೆ, ಹಿತ್ತಲಿನ ಗಾಜಿನ ಬಾಗಿಲು, ಎಲ್ಲವನ್ನೂ ಒಂದು ಸುತ್ತು ನೋಡಿ, ಗೋಡೆಯನ್ನು ಕೈಯಿಂದ ಸವರಿ, ನನ್ನ ಎದುರು ಬಂದು ನಿಂತರು.

"ಡಾಕ್ಟರಬಾಯಿ, ಸಿಟ್ಟಾಗಬ್ಯಾಡ್ರಿ. ಈ ಮನ್ಯಾಗ ಎಂದೂ ಕೂಸು ಆಡಿಲ್ಲ, ಹೌದಲ್ರಿ?"

ಮೈಯೆಲ್ಲ ಉರಿದುಹೋಯಿತು. ಯಾರ ಮನೆಗೆ ಬಂದು ಏನು ಕೇಳುತ್ತಿದ್ದೀರಿ ಎಂದು ಕೇಳುವಷ್ಟರಲ್ಲಿ ಅವರೇ ನನ್ನ ಎರಡೂ ಕೈ ಹಿಡಿದುಕೊಂಡರು.

"ಅದಕ್ಕ ನಿಮ್ಮ ಹಂತೇಕ ಬಂದೀನ್ರಿ. ಎರಡು ಕೂಸು ಒಯ್ದದ್ದು ಇನ್ನೂ ನಮ್ಮ ಬಾಗಿಲದಾಗ ನಿಂತೈತಿ. ಮೂರನೇದ್ದನ್ನೂ ನೋಡಾಕತ್ತೈತಿ. ಅದಕ್ಕ ನಿಮ್ಮ ಮನಿ ದಾರಿ ಗೊತ್ತಿಲ್ರಿ. ಕೂಸಿನ ವಾಸನಿ ಇಲ್ಲದ ಮನಿಗೆ ಅದು ಬರಂಗಿಲ್ಲ. ನಮ್ಮ ಕೂಸನ್ನ ನೀವು ಕೊಂಡುಕೋರಿ."

ಸುಹಾಸ ನೆಲ ನೋಡುತ್ತ ವಿವರಿಸಿದ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಹಾಗೊಂದು ಪದ್ಧತಿ. ಕೂಸನ್ನು ಮೊರದಲ್ಲಿಟ್ಟು ತಿಪ್ಪೆಗೆ ಹಾಕುವುದು. ದಾರಿಯಲ್ಲಿ ಹೋಗುವವಳು ಎತ್ತಿಕೊಂಡು ಒಂದು ಹಿಡಿ ತೌಡು ಕೊಟ್ಟು ತನ್ನದು ಮಾಡಿಕೊಳ್ಳುವುದು. ಸಾವು ನೋಡುತ್ತದಂತೆ, ಇದು ತಿಪ್ಪೆಯ ಪಾಲಾದದ್ದು, ಹೆತ್ತವರಿಗೇ ಬೇಡವಾದದ್ದು, ತೌಡಿಗೂ ಕಡೆ ಎಂದು ಬಿಟ್ಟು ಹೋಗುತ್ತದಂತೆ. ಸುಹಾಸನ ಅಜ್ಜನ ಹೆಸರು ತಿಪ್ಪಣ್ಣ ಎಂದಿದ್ದುದು ಹಾಗೇ.

"ಅವ್ವಗ ಸಮಾಧಾನ ಆಗ್ಲಿ ಅಂತ ಅಷ್ಟ ರೀ, ಆಂಟಿ," ಎಂದ.

"ನಿಶಿತಾ ಏನಂತಾಳೆ?"

"ಅಕಿನ ಜಾಸ್ತಿ ಹಟ ಹಿಡದಾಳ್ರಿ."

ಬಿ.ಇ., ಎಂ.ಎಸ್. ಓದಿದ ಹುಡುಗಿ. ಬೈಯಬೇಕೆಂದು ಮಾರನೆಯ ದಿನ ಫ್ರಿಸ್ಕೋಗೆ ಹೋದೆ. ಅವಳು ಮಗುವಿನ ತೊಟ್ಟಿಲಿನಿಂದ ದೂರ, ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ಮಗುವಿನ ಎದೆ ಏರಿಳಿಯುವುದನ್ನು ನೋಡುತ್ತಿದ್ದಳು. ಎಷ್ಟು ಹೊತ್ತಿನಿಂದ ಕೂತಿದ್ದಳೋ, ತಲೆ ಬಾಚಿರಲಿಲ್ಲ. ನನ್ನನ್ನು ಕಂಡು ತುಟಿಗೆ ಬೆರಳಿಟ್ಟು, ಹೊರಗೆ ಕರೆದುಕೊಂಡು ಬಂದು, ಕಿವಿಯ ಹತ್ತಿರ ಬಾಯಿ ತಂದು, "ಜೋರಾಗಿ ಮಾತಾಡ್ಬೇಡಿ ಆಂಟಿ, ಕೇಳಿಸ್ಕೋತಿರತ್ತೆ," ಅಂದಳು.

ಬೈಯಲು ಹೋದವಳು ಆಯಿತು ಎಂದೆ.

ತಿಪ್ಪೆಯನ್ನು ಫ್ರಿಸ್ಕೋದಲ್ಲಿ ಎಲ್ಲಿಂದ ತರುವುದು? ಎಲ್ಲವೂ ಅಳತೆಗೆ ಕತ್ತರಿಸಿದ ಹುಲ್ಲು, ಇನ್ನೂ ಬೇರು ಬಿಡದ ಗಿಡಗಳು. ಕಸದ ಗಾಡಿ ಬರುವ ದಿನ ಬೆಳಿಗ್ಗೆ ಎಲ್ಲರ ಮನೆಯ ಮುಂದೂ ಕಸದ ದೊಡ್ಡ ಡಬ್ಬಿಗಳು ನಿಲ್ಲುತ್ತವಲ್ಲ, ಅದೇ ತಿಪ್ಪೆ ಎಂದು ಕಮಲವ್ವ ತೀರ್ಮಾನ ಕೊಟ್ಟರು. ತೌಡೂ ಸಿಗಲಿಲ್ಲ. ನಾನು ಅಂಗಡಿಯಿಂದ ಓಟ್ಸಿನ ತೌಡಿನ ಪೊಟ್ಟಣ ಒಯ್ದೆ. ಅವರು ಮೂಸಿ ನೋಡಿ, "ಇದೇನ್ರಿ, ಕುದುರಿ ತಿನ್ನೂದು ಇದ್ದಂಗೈತಿ," ಎಂದು ಮೂಗು ಮುರಿದರೂ ಒಪ್ಪಿಕೊಂಡರು.

ನಿಶಿತಾ ಮಗುವನ್ನು ಮೊರದಲ್ಲಿ ತಂದು ಡಬ್ಬಿಯ ಪಕ್ಕದ ಹುಲ್ಲಿನ ಮೇಲಿಟ್ಟಳು. ಹಿಂತಿರುಗಿ ನೋಡಬಾರದು ಎಂಬುದು ನಿಯಮ. ಅವಳು ನೋಡಲಿಲ್ಲ. ಹೆತ್ತವಳು ಹಾಗೆ ಕತ್ತು ನೆಟ್ಟಗಿಟ್ಟುಕೊಂಡು ನಡೆದು ಹೋದದ್ದನ್ನು ಕಾರಿನ ಗಾಜಿನೊಳಗಿಂದ ನೋಡಿದೆ. ನಾನು ಬೀದಿಯ ತುದಿಯಿಂದ ಕಾರು ಡ್ರೈವ್ ಮಾಡಿಕೊಂಡು ಬಂದು, ನಿಲ್ಲಿಸಿ, ಹೇಳಿಕೊಟ್ಟ ಮಾತನ್ನು ಗಟ್ಟಿಯಾಗಿ ಹೇಳಿದೆ. "ಇಲ್ಲೊಂದು ಕೂಸು ಬಿದ್ದಿದೆ. ಯಾರಿಗೂ ಬೇಡದ್ದು. ನಾನು ತಗೊಂಡು ಹೋಗ್ತೀನಿ." ಎದುರುಮನೆಯ ಅಮೆರಿಕನ್ ಹೆಂಗಸು ಕಾಫಿ ಕಪ್ಪು ಹಿಡಿದು ಬಾಗಿಲಿಗೆ ಬಂದು ನಿಂತಿದ್ದಳು. ಪೊಲೀಸರಿಗೆ ಫೋನ್ ಮಾಡುವ ಮೊದಲೇ ಸುಹಾಸ ಓಡಿಹೋಗಿ ಪೂಜೆ, ಪೂಜೆ ಎಂದು ಸಮಾಧಾನ ಮಾಡಿದ.

ತೌಡಿನ ಹಿಡಿಯನ್ನು ಕಮಲವ್ವನ ಸೆರಗಿಗೆ ಹಾಕಿದೆ. ಮಗುವನ್ನು ಕ್ಯಾರಲ್ಟನ್ನಿಗೆ ತಂದು ಸಂಜೆಯವರೆಗೆ ಇಟ್ಟುಕೊಂಡೆ. ನಾಟಕ ತಾನೇ ಎಂದುಕೊಂಡೇ ತಂದೆ. ಆದರೆ ಅದು ಸೋಫಾದ ಮೇಲೆ ಮಲಗಿ, ಕಣ್ಣು ಬಿಟ್ಟು, ನನ್ನ ಮನೆಯ ಫ್ಯಾನನ್ನು ಬಹಳ ಗಂಭೀರವಾಗಿ ನೋಡುತ್ತಿತ್ತು. ಆ ಮನೆಯನ್ನು ಯಾರೂ ಅಷ್ಟು ಗಮನ ಕೊಟ್ಟು ನೋಡಿರಲಿಲ್ಲ. ಅದರ ತಲೆಯನ್ನು ಮೂಸಿದೆ. ಮೂಸಬಾರದಿತ್ತು.

ಸಂಜೆ ಮಗುವನ್ನು ನಿಶಿತಾಳ ಮಡಿಲಿಗೆ ಹಾಕಿ, "ಇದು ನನ್ನ ಕೂಸು, ಸಾಕಿಕೊಡು," ಎಂದೆ. ಅವಳು, "ಆಗಲಿ, ನಿಮ್ಮ ಕೂಸನ್ನ ಸಾಕಿಕೊಡ್ತೀನಿ," ಎಂದಳು. ಅಷ್ಟೇ. ಕಮಲವ್ವ ಮಗುವನ್ನು ತಿಪ್ಪವ್ವ ಎಂದು ಕರೆದರು. ವೀಸಾ ಮುಗಿದು ಊರಿಗೆ ಹೊರಟಾಗ, ಏರ್‌ಪೋರ್ಟಿನಲ್ಲಿ ನಿಶಿತಾಳ ಗಲ್ಲ ಹಿಡಿದು, "ವರ್ಷ ತುಂಬಿದ ಮ್ಯಾಲ ಅದ ತೌಡು ತಿರುಗಿ ಕೊಟ್ಟು ಬಿಡಿಸ್ಕೋ ಯವ್ವಾ. ಮರೀಬ್ಯಾಡ," ಎಂದು ಎರಡು ಸಲ ಹೇಳಿದರು. ಮಗುವಿಗೆ ವರ್ಷ ತುಂಬುವ ಮೊದಲೇ ಗದಗಿನಲ್ಲಿ ತೀರಿಕೊಂಡರು.

ವರ್ಷ ತುಂಬಿತು. ನಿಶಿತಾ ತೌಡು ತರಲಿಲ್ಲ.

"ಇನ್ನೊಂದು ವರ್ಷ ಹೋಗ್ಲಿ ಆಂಟಿ," ಅಂದಳು. ಎರಡು ತುಂಬಿತು. "ಈಗ ಬೇಡ, ಈ ಚಳಿಗಾಲ ಕಳೀಲಿ." ತೌಡನ್ನು ಒಂದು ಡಬ್ಬಿಯಲ್ಲಿ ಹಾಕಿ ಫ್ರೀಜರಿನ ಹಿಂಬದಿಗೆ ತಳ್ಳಿಟ್ಟಿದ್ದಳು. ಅದರ ಮೇಲೆ ಕೊತ್ತಂಬರಿ, ತೆಂಗಿನ ತುರಿ, ಬಟಾಣಿ ಎಲ್ಲ ಬಂದು ಕೂತವು.

ಇಷ್ಟೇ ಆಗಿದ್ದರೆ ನಾನೇನೂ ಅನ್ನುತ್ತಿರಲಿಲ್ಲ. ಅವಳು ಆ ಮಾತನ್ನು ಅಕ್ಷರಶಃ ನಡೆಸಿದಳು. ಮಗುವಿಗೆ ಉಣಿಸಿದಳು, ತೊಳೆದಳು, ಜ್ವರ ಬಂದರೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಳು. ಆದರೆ ಒಂದು ದಿನವೂ ಮುತ್ತು ಕೊಟ್ಟಿದ್ದನ್ನು ನಾನು ನೋಡಲಿಲ್ಲ. ಮಗಳೇ ಎಂದು ಕರೆಯಲಿಲ್ಲ. ಪಾರ್ಕಿನಲ್ಲಿ ಯಾರಾದರೂ ನಿಮ್ಮ ಮಗಳು ಮುದ್ದಾಗಿದ್ದಾಳೆ ಎಂದರೆ, "ನನ್ನ ಮಗು ಅಲ್ಲ, ನಾನು ನೋಡ್ಕೋತೀನಿ ಅಷ್ಟೇ," ಎಂದು ಗಟ್ಟಿಯಾಗಿ, ಆ ಕಡೆ ಈ ಕಡೆ ನೋಡಿ ಹೇಳುತ್ತಿದ್ದಳು. ಮಗು ಅವಳನ್ನು ನಿಶಿ ಎಂದು ಕರೆಯುತ್ತಿತ್ತು. ಅಮ್ಮ ಎಂದು ಕರೆಯುತ್ತಿದ್ದುದು ನನ್ನನ್ನು.

ಅವಳು ತನ್ವಿಗೆ ಬೈದದ್ದೂ ಇಲ್ಲ. ಗೋಡೆಗೆಲ್ಲ ಬಣ್ಣ ಬಳಿದಾಗ ನಾನು ಕಿವಿ ಹಿಂಡಲು ಹೋದರೆ ನಿಶಿತಾ ಬಕೆಟ್ಟು ತಂದು ಸುಮ್ಮನೆ ಒರೆಸುತ್ತಿದ್ದಳು. ಪರರ ಮಗುವನ್ನು ಬೈಯುವುದಕ್ಕೆ ಅವಳ್ಯಾರು?

ಆ ಮನೆಯಲ್ಲಿ ಮಧ್ಯಾಹ್ನಗಳು ಬಹಳ ಕೆಟ್ಟವು. ಗಂಡಸರೆಲ್ಲ ಕೆಲಸಕ್ಕೆ ಹೋದ ಮೇಲೆ ಆ ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರುವುದಿಲ್ಲ. ಎಲ್ಲ ಮನೆಗಳ ಕಿಟಕಿಯ ಬ್ಲೈಂಡುಗಳೂ ಮುಚ್ಚಿರುತ್ತವೆ. ಬಿಸಿಲು ಬಿಳಿಯ ಗೋಡೆಗಳ ಮೇಲೆ ಬಿದ್ದು ಕಣ್ಣು ಚುಚ್ಚುತ್ತದೆ. ಒಂದು ದಿನ ನಾವಿಬ್ಬರೂ ಅಡುಗೆಮನೆಯಲ್ಲಿ ಕೂತಿದ್ದೆವು, ತನ್ವಿ ಮೇಲೆ ಮಲಗಿದ್ದಳು. ಇದ್ದಕ್ಕಿದ್ದಂತೆ ಗ್ಯಾರೇಜಿನ ಬಾಗಿಲು ಗರಗರ ಎಂದು ತಾನಾಗಿ ತೆರೆದುಕೊಂಡಿತು. ನಿಶಿತಾ ಅಲುಗಾಡಲಿಲ್ಲ. ಚಪಾತಿ ಹಿಟ್ಟಿನ ಕೈ ಹಾಗೇ ಇತ್ತು.

"ನೋಡ್ಕೊಂಡು ಹೋಗೋಕೆ ಬರತ್ತೆ," ಅಂದಳು. "ದಿನಾ ಅಲ್ಲ. ಆಗಾಗ." ಆಮೇಲೆ ಗ್ಯಾರೇಜಿನ ಕಡೆ ತಿರುಗಿ, ಮನೆಗೆ ಬಂದವರಿಗೆ ಹೇಳುವ ಹಾಗೆ ಹೇಳಿದಳು, "ಈ ಮನೇಲಿ ನಮ್ಮ ಮಗು ಇಲ್ಲ. ಇರೋದು ಆಂಟಿ ಮಗು."

ನಾನು ಎದ್ದು ಹೋಗಿ ನೋಡಿದೆ. ಆಚೆಮನೆಯವರ ಕಾರು ಆಗಷ್ಟೇ ಬಂದು ಒಳಗೆ ಹೋಗುತ್ತಿತ್ತು. ಅವರ ರಿಮೋಟು ಇವರದ್ದನ್ನೂ ತೆರೆಯುತ್ತದೆ, ಹೊಸ ಕಾಲೊನಿಗಳಲ್ಲಿ ಹೀಗಾಗುತ್ತದೆ ಎಂದು ಬಿಡಿಸಿ ಹೇಳಿದೆ. ನಿಶಿತಾ ತಲೆಯಾಡಿಸಿದಳು. ನಾನು ಬಟನ್ನು ಒತ್ತಿ ಬಾಗಿಲು ಮುಚ್ಚಿದೆ. ಆದರೆ ಮುಚ್ಚುವ ಮೊದಲು ಗ್ಯಾರೇಜಿನ ಮೂಲೆಗಳನ್ನು ನೋಡಿದೆ. ಯಾಕೆ ನೋಡಿದೆನೋ.

ಈ ತಿಪ್ಪಿಗೆ ಮಾತ್ರ ಯಾವ ಭಯವೂ ಇರಲಿಲ್ಲ. ಶನಿವಾರ ಭಾನುವಾರ ನನ್ನ ಮನೆಯಲ್ಲೇ ಅವಳ ಠಿಕಾಣಿ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಅಮ್ಮ ಎಂಬುದೊಂದು ಮಾತ್ರ ಅಚ್ಚ ಕನ್ನಡ. ಹಿತ್ತಲಿನ ಗಾಜಿನ ಬಾಗಿಲಿಗೆ ಎರಡೂ ಅಂಗೈ, ಮೂಗು, ತುಟಿ ಒತ್ತಿ ಅಳಿಲುಗಳನ್ನು ನೋಡುತ್ತಿದ್ದಳು. ಕ್ರಯಾನುಗಳು ಸೋಫಾದ ಸಂದಿಯಲ್ಲಿ, ಕ್ಲಿಪ್ಪುಗಳು ನನ್ನ ಪುಸ್ತಕಗಳ ನಡುವೆ. ಶ್ರೀನಾಥ ಹೋದ ಮೇಲೆ ಆ ಮನೆಯಲ್ಲಿ ಒಂದು ಲೋಟ ಸಹ ಜಾಗ ಬದಲಿಸಿರಲಿಲ್ಲ. ಸುಖವಾಗಿತ್ತು ಎಂದರೆ ಸುಖವಾಗಿತ್ತು. ಸುಳ್ಳೇಕೆ ಹೇಳಲಿ?

ಎರಡು ಸಾವಿರದ ಆರರ ಬೇಸಗೆಯಲ್ಲಿ ನನಗೆ ಊಟ ಸೇರದಾಯಿತು. ಬೆನ್ನು ನೋವು, ಕಣ್ಣು ಹಳದಿ. ಪರೀಕ್ಷೆ ಮಾಡಿಸಿದೆ. ಮೇದೋಜೀರಕ ಗ್ರಂಥಿ. ವರದಿ ಕೈಗೆ ಬಂದಾಗ ಕೊನೆಯ ಸಾಲನ್ನು ಮೊದಲು ಓದಿದೆ, ನಮ್ಮ ಲ್ಯಾಬಿನವರು ಬರೆಯುವ ರೀತಿ ನನಗೆ ಗೊತ್ತಲ್ಲ. ಕೆಟ್ಟದ್ದು. ಹ್ಯೂಸ್ಟನ್ನಿನಲ್ಲಿ ಆಪರೇಷನ್ ಮಾಡುವವರಿದ್ದಾರೆ, ಬನ್ನಿ ಎಂದರು. ಆಪರೇಷನ್ ಆದವರಲ್ಲಿ ಎಷ್ಟು ಜನ ಎಷ್ಟು ದಿನ ಇರುತ್ತಾರೆ ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆ ಮಧ್ಯಾಹ್ನ ಮನೆಗೆ ಬಂದು, ನೀರು ಕುಡಿದು, ಅಡುಗೆಮನೆಯ ಕುರ್ಚಿಯಲ್ಲಿ ಕೂತಿದ್ದೆ. ಹಿತ್ತಲಿನಲ್ಲಿ ಅಳಿಲೂ ಇರಲಿಲ್ಲ. ಗರಗರ ಎಂದು ನನ್ನ ಗ್ಯಾರೇಜಿನ ಬಾಗಿಲು ತೆರೆದುಕೊಂಡಿತು.

ಈ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಇದ್ದೇನೆ. ಹಾಗೆ ಎಂದೂ ಆಗಿರಲಿಲ್ಲ. ಅಕ್ಕಪಕ್ಕದವರು ಹೊಸ ರಿಮೋಟು ತಂದಿರಬಹುದು. ತಂತಿ ಸುಟ್ಟಿರಬಹುದು. ಎಲ್ಲ ಕಾರಣಗಳನ್ನೂ ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡರೂ ಏಳಲಾಗಲಿಲ್ಲ. ನನ್ನ ಬಗ್ಗೆ ಭಯವಾಗಲಿಲ್ಲ, ಅರವತ್ತು ದಾಟಿದವಳಿಗೆ ಏನು ಭಯ? ಗ್ಯಾರೇಜಿನ ಚಪ್ಪಲಿ ಸ್ಟ್ಯಾಂಡಿನಲ್ಲಿ ತನ್ವಿಯ ಹಳದಿ ಚಪ್ಪಲಿಗಳಿದ್ದವು. ಬಂದದ್ದು ಅವನ್ನು ನೋಡುತ್ತಿದೆ ಎಂದು ಅನಿಸಿತು. ನಾನು, ಏನನ್ನೂ ನಂಬದವಳು, ಕುರ್ಚಿಯ ಅಂಚು ಹಿಡಿದು ಕೂತೆ. ಫ್ರಿಸ್ಕೋದ ಆ ಹುಡುಗಿ ಇಷ್ಟು ವರ್ಷ ಯಾವುದರ ಜೊತೆ ಸಂಸಾರ ಮಾಡುತ್ತಿದ್ದಳು ಎಂದು ಆಗ ತಿಳಿಯಿತು.

ಮಾರನೆಯ ದಿನ ಅವಳ ಮನೆಗೆ ಹೋಗಿ, "ಬಿಡಿಸ್ಕೋ," ಎಂದೆ.

"ಏನನ್ನ?"

"ಏನನ್ನ ಅಂದ್ರೆ? ನಿನ್ನ ಮಗಳನ್ನ. ತೌಡು ಕೊಡು, ಕರ್ಕೋ. ಸಾಕು ಈ ಆಟ."

ಅವಳು ಹಾವು ತುಳಿದವಳ ಹಾಗೆ ಹಿಂದೆ ಸರಿದಳು. "ನಿಧಾನ ಆಂಟಿ," ಎಂದು ಸುತ್ತ ನೋಡಿದಳು. "ಯಾಕೆ ಈಗ? ಚೆನ್ನಾಗಿದಾಳಲ್ಲ. ನಿಮ್ಮ ಹೆಸರಲ್ಲಿ ಇರೋದಕ್ಕೇ ಚೆನ್ನಾಗಿದಾಳೆ. ನಂದು ಅಂತ ನಾನು ಅಂದಿದ್ದು ಯಾವುದೂ ಉಳೀಲಿಲ್ಲ. ಅವನಿಗೆ ಅವತ್ತು ಎಷ್ಟು ಮುತ್ತು ಕೊಟ್ಟಿದ್ದೆ ಗೊತ್ತಾ? ಬಂಗಾರ, ನನ್ನ ಬಂಗಾರ ಅಂತ. ಮಲಗಿಸಿ ಬಂದೆ, ಅಷ್ಟೇ. ಅವಳಿಗೆ ನಾನು ಅಮ್ಮ ಆಗ್ದೇ ಇದ್ರೆ ಏನಾಯ್ತು? ಬದುಕಿದ್ರೆ ಸಾಕು ನಂಗೆ. ನಿಶಿ ಅಂತ ಕರೀಲಿ. ಆಯಾ ಅಂತ ಕರೀಲಿ."

ಅವಳನ್ನು ಹಿಡಿದು ಅಲುಗಾಡಿಸಬೇಕೆನಿಸಿತು. ಮಡಿಲಲ್ಲಿ ಕೂಸನ್ನಿಟ್ಟುಕೊಂಡೇ ಐದು ವರ್ಷ ಉಪವಾಸವಿದ್ದಾಳೆ ಈ ಪಾಪಿ. ಕಡ್ಡಿ ಮುರಿದ ಹಾಗೆ ಹೇಳಿದೆ.

"ನೋಡು ನಿಶಿತಾ, ನಿಮ್ಮತ್ತೆ ಹೇಳಿದ್ದು ನೆನಪಿದೆಯಲ್ಲ? ಅದಕ್ಕೆ ನನ್ನ ಮನೆ ದಾರಿ ಗೊತ್ತಿಲ್ಲ ಅಂತ. ಈಗ ಗೊತ್ತಾಗಿದೆ ಕಣೇ. ವಿಳಾಸ ಹುಡುಕ್ಕೊಂಡು ಬಂದಿದೆ." ಕಣ್ಣಿನ ಹಳದಿಯನ್ನು ಬೆರಳಿಟ್ಟು ತೋರಿಸಿದೆ. ಕಾಯಿಲೆಯ ಹೆಸರು ಹೇಳಿದೆ. ಹ್ಯೂಸ್ಟನ್ ಎಂದೆ.

ಅವಳ ಮುಖ ಬಿಳಚಿಕೊಂಡಿತು. ಆಮೇಲೆ ಕೇಳಿದಳು, "ಹಾಗಾದ್ರೆ ತನ್ವಿ?"

ನಿಮಗೇನಾಗುತ್ತದೆ ಆಂಟಿ ಎಂದು ಕೇಳಲಿಲ್ಲ. ನಿಮ್ಮ ಜೊತೆ ಯಾರು ಬರುತ್ತಾರೆ ಎಂದು ಕೇಳಲಿಲ್ಲ. ಹಾಗಾದ್ರೆ ತನ್ವಿ, ಅಷ್ಟೇ. ಬೇರೆ ಯಾರಾದರೂ ಆಗಿದ್ದರೆ ಜನ್ಮ ಜಾಲಾಡುತ್ತಿದ್ದೆ. ನನಗೆ ಸಿಟ್ಟು ಬರಲಿಲ್ಲ. ಈ ಹುಡುಗಿ ಒಂದು ದಿನವೂ ತಾಯಿಯಲ್ಲದೆ ಇರಲಿಲ್ಲ ಎಂದು ಗೊತ್ತಾಯಿತು.

"ಅದನ್ನೇ ಹೇಳ್ತಿರೋದು," ಎಂದೆ. "ಅದು ಬಂದಾಗ ಅವಳು ನನ್ನ ಮಗಳಾಗಿರಬಾರದು."

ಕಸದ ಗಾಡಿಯ ದಿನ ಬೆಳಿಗ್ಗೆ ತನ್ವಿಯನ್ನು ನನ್ನ ಕಾರಿನಲ್ಲಿ ಕರೆದುಕೊಂಡು ಹೋದೆ. ಮುಂದಿನ ವಾರ ಅವಳಿಗೆ ಕಿಂಡರ್‌ಗಾರ್ಟನ್ ಶುರುವಾಗುವುದಿತ್ತು. ಹೊಸ ಚೀಲವನ್ನು ಬೆನ್ನಿನಿಂದ ಇಳಿಸಲು ಒಪ್ಪಿರಲಿಲ್ಲ. ಮೊರವನ್ನು ಕಂಡು ತಲೆಗೆ ಟೋಪಿಯ ಹಾಗೆ ಹಾಕಿಕೊಂಡಳು. ಕೂರೇ ಎಂದರೆ ಅದರೊಳಗೆ ಕಾಲು ಮಡಿಸಿ ಕೂತು, "ಇಟ್ ಟಿಕಲ್ಸ್," ಎಂದು ನಕ್ಕಳು. ಸುಹಾಸ ಡಬ್ಬಿಯನ್ನು ಬೀದಿಯ ಅಂಚಿಗೆ ತಳ್ಳಿ ತಂದಿದ್ದ. ಅವನ ಕಣ್ಣು ಕೆಂಪಾಗಿತ್ತು. ನಿಶಿತಾ ಬಾಗಿಲಿನಿಂದ ಹೊರಗೆ ಬಂದಳು. ಫ್ರೀಜರಿನ ಡಬ್ಬಿ ಅವಳ ಕೈಯಲ್ಲಿ ಬೆವರುತ್ತಿತ್ತು.

ನಾನು ಗಟ್ಟಿಯಾಗಿ ಹೇಳಿದೆ. "ನನ್ನ ಹತ್ತಿರ ಒಂದು ಕೂಸಿದೆ. ಸಾಕೋಕೆ ನನ್ನ ಕೈಲಿ ಆಗಲ್ಲ. ಯಾರಿಗೆ ಬೇಕು?"

ನಿಶಿತಾ ತೌಡನ್ನು ನನ್ನ ಸೆರಗಿಗೆ ಸುರಿದಳು. ತಣ್ಣಗಿತ್ತು, ಗಟ್ಟಿಯಾಗಿತ್ತು. ಈಗ ಅವಳು ನನಗೆ ಬೇಕು, ಇದು ನನ್ನ ಮಗು ಎನ್ನಬೇಕು. ಬಾಯಿ ತೆರೆದಳು, ಸ್ವರ ಹೊರಡಲಿಲ್ಲ. ಬೀದಿಯ ಎರಡೂ ಕಡೆ ನೋಡಿದಳು. ಖಾಲಿ ಬೀದಿ, ಮುಚ್ಚಿದ ಬ್ಲೈಂಡುಗಳು.

"ಹೇಳು," ಎಂದೆ.

"ಆಗ್ತಿಲ್ಲ ಆಂಟಿ."

"ಹೇಳೇ, ನನ್ನ ಹತ್ತಿರ ಟೈಮಿಲ್ಲ."

ಅವಳು ತಲೆ ಅಲ್ಲಾಡಿಸುತ್ತಲೇ ಇದ್ದಳು. ಅಷ್ಟರಲ್ಲಿ ತಿರುವಿನಿಂದ ಕಸದ ಗಾಡಿ ಬಂತು, ಉದ್ದನೆಯ ಕಬ್ಬಿಣದ ಕೈ ಚಾಚಿಕೊಂಡು. ತನ್ವಿಗೆ ಅದೆಂದರೆ ಪ್ರಾಣ. ಮೊರದಿಂದ ಚಂಗನೆ ಎದ್ದು, ಚೀಲ ಕುಣಿಸುತ್ತ, ಕೈಬೀಸುತ್ತ ನೇರ ರಸ್ತೆಗೆ ಓಡಿದಳು. ನನ್ನ ಕಾಲು ಏಳಲಿಲ್ಲ. ಸುಹಾಸ ಡಬ್ಬಿಯ ಆ ಕಡೆಗಿದ್ದ. ನಿಶಿತಾ ಯಾವಾಗ ಹಾರಿದಳೋ ಗೊತ್ತಿಲ್ಲ. ರಟ್ಟೆ ಹಿಡಿದು ಎಳೆದು ಹುಲ್ಲಿನ ಮೇಲೆ ತಂದು ಹಾಕಿ, ಮಗುವಿನ ಬೆನ್ನಿಗೆ ಪಟಪಟನೆ ಎರಡು ಬಾರಿಸಿದಳು. ಗಾಡಿ ಕಿರಗುಟ್ಟಿ ನಿಂತಿತು.

"ಕಣ್ಣು ಕಾಣಲ್ವಾ ನಿಂಗೆ? ಎಷ್ಟು ಸಲ ಹೇಳಬೇಕು? ಸತ್ತುಹೋಗಿದ್ರೆ ನಾನೇನೇ ಮಾಡ್ಬೇಕಿತ್ತು? ನಾನೇನ್ ಮಾಡ್ಬೇಕಿತ್ತು ಹೇಳು."

ಆ ಮಾತನ್ನೇ ಮತ್ತೆ ಮತ್ತೆ ಹೇಳಿದಳು. ಐದು ವರ್ಷದಿಂದ ಬಾಯಿಗೆ ತರದ ಆ ಮಾತು ಬೀದಿಗೆಲ್ಲ ಕೇಳಿಸಿತು.

ತನ್ವಿಗೆ ನೋವಿಗಿಂತ ಆಶ್ಚರ್ಯ ಹೆಚ್ಚಾಗಿತ್ತು. ನಿಶಿ ಹೊಡೆಯುತ್ತಾಳೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಒಂದು ಕ್ಷಣ ಬಾಯಿ ಬಿಟ್ಟುಕೊಂಡು ನೋಡಿ, ಆಮೇಲೆ ಕಿಟಾರನೆ ಅತ್ತು, ಅವಳ ಕೈ ಕೊಸರಿಕೊಂಡು, "ಅಮ್ಮಾ," ಎನ್ನುತ್ತ ನನ್ನ ಕಡೆ ಓಡಿ ಬಂದಳು. ಬಂದು ಮೊಣಕಾಲಿಗೆ ತೆಕ್ಕೆ ಹಾಕಿಕೊಂಡಳು. ಬಾಚಿ ಎತ್ತಿಕೊಳ್ಳಲು ನನ್ನ ಕೈಗಳು ತಾವಾಗಿಯೇ ಚಾಚಿಕೊಂಡವು. ಸೆರಗಿನಲ್ಲಿ ತೌಡಿತ್ತು. ಎರಡೂ ಕೈಗಳಿಂದ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ನಾನು ಆಂಟಿ," ಎಂದೆ. "ಅಮ್ಮ ಅಲ್ಲಿದಾಳೆ ನೋಡು. ಹೊಡೆದಳಲ್ಲ, ಅವಳು."

ಮಗು ಮೇಲೆ ನೋಡಿತು. ನಾನು ತಮಾಷೆ ಮಾಡುತ್ತಿದ್ದೇನೆಯೇ ಎಂದು ನನ್ನ ಮುಖವನ್ನು ಹುಡುಕಿತು. ನಾನು ನಗಲಿಲ್ಲ. ನಿಶಿತಾ ಹುಲ್ಲಿನ ಮೇಲೆ ಮೊಣಕಾಲೂರಿ ಕೂತಿದ್ದಳು. ಹೊಡೆದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದಳು. "ಬಾ," ಎಂದಳು. "ನಂದು. ನನ್ನ ಬಂಗಾರ, ಬಾ." ತನ್ವಿ ಅಳುತ್ತಲೇ, ಒಂದೊಂದೇ ಹೆಜ್ಜೆ, ತಿರುತಿರುಗಿ ನನ್ನನ್ನು ನೋಡುತ್ತ ಹೋದಳು. ಹತ್ತಿರ ಹೋದ ಮೇಲೆ ನಿಶಿತಾ ಅವಳನ್ನು ಚೀಲದ ಸಮೇತ ಎದೆಗೆ ಅವುಚಿಕೊಂಡು, ಹೊಡೆದ ಜಾಗಕ್ಕೆ, ಕೂದಲಿಗೆ, ಕಿವಿಗೆ, ಎಲ್ಲಿ ಬಾಯಿಗೆ ಸಿಕ್ಕಿತೋ ಅಲ್ಲಿಗೆಲ್ಲ ಮುತ್ತು ಕೊಟ್ಟಳು.

ಮಾರಿದವಳು ತಿರುಗಿ ನೋಡಬಾರದು. ನಾನು ಕಾರು ಹತ್ತಿದೆ. ಕನ್ನಡಿಯನ್ನೂ ಓರೆ ಮಾಡಿಕೊಂಡೆ.

ಬೆಳಗಾದರೆ ಹ್ಯೂಸ್ಟನ್ನಿಗೆ ಹೊರಡುವುದಿತ್ತು. ಬಟ್ಟೆ ತುಂಬಿಕೊಳ್ಳುವುದನ್ನು ಬಿಟ್ಟು ಮಧ್ಯಾಹ್ನವೆಲ್ಲ ಮನೆ ಗುಡಿಸಿದೆ. ಕ್ರಯಾನುಗಳನ್ನು ಸೋಫಾದ ಸಂದಿಯಿಂದ ತೆಗೆದೆ. ಕ್ಲಿಪ್ಪುಗಳು, ಸ್ಟಿಕ್ಕರುಗಳು, ಒಂಟಿ ಕಾಲುಚೀಲ, ಹಳದಿ ಚಪ್ಪಲಿ, ಹಲ್ಲಿನ ಗುರುತಿದ್ದ ಪೆನ್ಸಿಲು. ಫ್ರಿಜ್ಜಿನ ಮೇಲೆ ಅಂಟಿಸಿದ್ದ, ನಾನು ಎಂದು ಅವಳು ಬರೆದಿದ್ದ ಒಂದು ಗುಂಡು ತಲೆ. ಎಲ್ಲವನ್ನೂ ಚೀಲದಲ್ಲಿ ಕಟ್ಟಿ ಊರಾಚೆಯ ದಾನದ ಪೆಟ್ಟಿಗೆಗೆ ಹಾಕಿ ಬಂದೆ. ದಿಂಬಿನ ಕವರು ಒಗೆದೆ. ಕೂಸಿನ ವಾಸನೆ ಇಲ್ಲದ ಮನೆಯಾಗಬೇಕು. ವಸಂತಾ, ನೀನು ಡಾಕ್ಟರಲ್ಲವೇನೇ ಎಂದು ನಾನೇ ನನ್ನನ್ನು ಹಂಗಿಸಿಕೊಂಡೆ. ಹಂಗಿಸಿಕೊಂಡು ನೆಲ ಒರೆಸಿದೆ.

ಹಿತ್ತಲಿನ ಗಾಜಿನ ಬಾಗಿಲನ್ನು ಕೊನೆಗೆ ಇಟ್ಟುಕೊಂಡಿದ್ದೆ. ಇಳಿಬಿಸಿಲು ಬಿದ್ದಾಗ ಅಂಗೈ ಗುರುತುಗಳೆಲ್ಲ ಎದ್ದು ಕಂಡವು. ಕೆಳಗಿನವು ಪುಟ್ಟವು, ತೆವಳುವಾಗಿನವು. ಮೇಲೆ ಹೋದ ಹಾಗೆ ದೊಡ್ಡವು. ಇಷ್ಟು ವರ್ಷ ಆ ಗಾಜನ್ನು ನಾನು ಒರೆಸಿರಲೇ ಇಲ್ಲ. ಬಟ್ಟೆ ಒದ್ದೆ ಮಾಡಿಕೊಂಡು ಕೆಳಗಿನಿಂದ ಶುರು ಮಾಡಿದೆ. ಎಲ್ಲ ಹೋದವು, ಒಂದು ಉಳಿಯಿತು. ಎಷ್ಟು ತಿಕ್ಕಿದರೂ ಹೋಗಲಿಲ್ಲ. ನೋಡಿದರೆ ಅದು ಹೊರಗಡೆಯದು. ಒಳಗಿದ್ದ ನನ್ನನ್ನು ನೋಡಲು ಹೊರಗಿನಿಂದ ಒತ್ತಿದ್ದು. ಅದರ ಮೇಲೆ ಈ ಕಡೆಯಿಂದ ನನ್ನ ಕೈ ಇಟ್ಟೆ. ಗಾಜು ಬಿಸಿಯಾಗಿತ್ತು. ಆಮೇಲೆ ಹೊರಗೆ ಹೋಗಿ ಅದನ್ನೂ ಒರೆಸಿದೆ.

ಒಳಗೆ ಬಂದು ಕೈ ತೊಳೆದು ಅಡುಗೆಮನೆಯ ಕುರ್ಚಿಯಲ್ಲಿ ಕೂತೆ. ಮನೆ ಮೊದಲಿನ ಹಾಗೇ ಆಗಿತ್ತು. ಗ್ಯಾರೇಜಿನ ಬಾಗಿಲು ಗರಗರ ಎಂದಿತು. ಈ ಸಲ ನಾನು ಕಾರಣ ಹುಡುಕಲಿಲ್ಲ, ಮೂಲೆಯನ್ನೂ ನೋಡಲಿಲ್ಲ. ಕಮಲವ್ವನ ಮಾತನ್ನು ಗಟ್ಟಿಯಾಗಿ, ಕೇಳಬೇಕಾದವರಿಗೆ ಕೇಳಿಸುವ ಹಾಗೆ ಹೇಳಿದೆ.

"ಈ ಮನೆಯಲ್ಲಿ ಎಂದೂ ಕೂಸು ಆಡಿಲ್ಲ."